ಪಡು ಗೋಡೆಗೆ ಹೊರ ಸಾರಣೆ: 1:3 ಬೇಕಾ, 1:6 ಸಾಕಾ?

ಕಾಪುಗಾಳಿ

ಎಲ್ಲರಿಗೂ ನಮಸ್ಕಾರ. ಕಾಪುವಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕಡಲು ಹತ್ತಿರವೇ, ರಾತ್ರಿ ಅಲೆಯ ಸದ್ದು ಕೇಳುತ್ತದೆ. ಗೋಡೆ ಎಲ್ಲ ಕೆಂಪುಕಲ್ಲು, ಕಂಬ ಮತ್ತು ಬೀಮ್ ಕಾಂಕ್ರೀಟ್. ಒಳಗಿನ ಸಾರಣೆ (ಪ್ಲಾಸ್ಟರ್) ಮುಗಿಯುತ್ತಾ ಬಂತು. ಇನ್ನು ಹೊರಗಿನದು ಶುರು ಮಾಡಬೇಕು.

ನಮ್ಮ ಮೇಸ್ತ್ರಿ ಹೇಳುವುದು, ಪಡು (ಪಶ್ಚಿಮ) ಗೋಡೆಗೆ 1:3 ಹಾಕುವ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯ್ಗೆ, ಅಂದರೆ ಮರಳು), ಸಿಮೆಂಟ್ ಜಾಸ್ತಿ ಇದ್ದಷ್ಟು ಗಟ್ಟಿ, ವಾಟರ್‌ಪ್ರೂಫಿಂಗ್ ದ್ರಾವಣವನ್ನೂ ಸೇರಿಸುವ, ಮತ್ತೆ ಮಳೆಗೆ ಹೆದರುವುದು ಬೇಡ ಅಂತ. ಭಾವ ಬೆಂಗಳೂರಲ್ಲಿ ಇಂಜಿನಿಯರ್. ಅವರು 1:6 ಸಾಕು ಅಂತಾರೆ. ನೆರೆಮನೆಯವರದ್ದು 1:4. ಅವರು 1:4 ಅಂದರೂ ಅವರ ಪಡು ಗೋಡೆಯಲ್ಲಿ ಜೇಡರ ಬಲೆಯ ಹಾಗೆ ಬಿರುಕು ಎದ್ದಿದೆ. ಅದನ್ನು ನೋಡಿಯೇ ನನಗೆ ನಿದ್ದೆ ಬರುವುದಿಲ್ಲ.

ಇಲ್ಲಿ ಕೆಲಸ ಗೊತ್ತಿರುವವರು ಇದ್ದರೆ ದಯವಿಟ್ಟು ಹೇಳಿ. ಎಷ್ಟಕ್ಕೆ ಎಷ್ಟು?

ಕರಣೆ ಕೈ

ನಾನು ಸಾರಣೆ ಕೆಲಸದವನೇ, ಸುರತ್ಕಲ್ ಕಡೆ. ನಿಮ್ಮ ಮೇಸ್ತ್ರಿ ಹೇಳಿದ್ದಕ್ಕೆ ಕಾರಣ ಉಂಟು. 1:3 ಕಲಸಿದರೆ ಮಾಲು ಕರಣೆಗೆ ಚೆನ್ನಾಗಿ ಹಿಡಿಯುತ್ತದೆ. ಗೋಡೆಗೆ ಹೊಡೆದರೆ ಅಲ್ಲೇ ನಿಲ್ಲುತ್ತದೆ. 1:6 ಹೊಡೆದು ನೋಡಿ, ಅರ್ಧ ಮಾಲು ಕಾಲಿನ ಮೇಲೆ. ದಿನಕ್ಕೆ ಇಷ್ಟು ಚದರ ಅಡಿ ಮುಗಿಸಬೇಕು ಅಂತ ಲೆಕ್ಕ ಇರುವಾಗ ಯಾರು ತಾನೇ 1:6 ಇಷ್ಟಪಡ್ತಾರೆ?

ಆದರೆ ಕೆಂಪುಕಲ್ಲಿಗೆ 1:3 ಒಂದೇ ಸಲ ದಪ್ಪಕ್ಕೆ ಹಾಕಿದರೆ ಒಡೆಯುತ್ತದೆ. ಅದು ನಾನೂ ನೋಡಿದ್ದೇನೆ. ನಾನು ಹೊರಗೆ 1:4 ಹಾಕುವುದು, ಎರಡು ಕೋಟ್.

ಸಿವಿಲಕ್ಕ

ಭಾವನೂ ಮೇಸ್ತ್ರಿಯೂ ಅರ್ಧರ್ಧ ಸರಿ. ಸಿಮೆಂಟ್ ಜಾಸ್ತಿ ಆದರೆ ಏನಾಗುತ್ತದೆ ಅಂತ ಮೊದಲು ನೋಡುವ.

ಸಿಮೆಂಟ್ ಗಾರೆ ಒಣಗುವಾಗ ಕುಗ್ಗುತ್ತದೆ. ಸಿಮೆಂಟ್ ಮತ್ತು ನೀರು ಏರಿದಷ್ಟು ಕುಗ್ಗುವುದೂ ಏರುತ್ತದೆ. ಗೋಡೆಯ ಕಲ್ಲು ಕುಗ್ಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಗಾರೆ ಎಳೆಯುತ್ತದೆ, ಕಲ್ಲು ಬಿಡುವುದಿಲ್ಲ. ಆಗ ಒಂದೋ ಗಾರೆ ಸೀಳಬೇಕು, ಇಲ್ಲದಿದ್ದರೆ ಕಲ್ಲಿನಿಂದ ಬಿಟ್ಟು ಬರಬೇಕು. ಕೆಂಪುಕಲ್ಲು ಮೆದು, ತೂತು ತೂತು. 1:3 ಸಾರಣೆ ಅದಕ್ಕಿಂತ ಗಟ್ಟಿ. ಬಿಟ್ಟು ಬರುವಾಗ ಕಲ್ಲಿನ ಮೇಲ್ಪದರವನ್ನೂ ಕಿತ್ತುಕೊಂಡು ಬರುವುದುಂಟು. ನೆರೆಮನೆಯ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಬಿರುಕಿನ ಹತ್ತಿರ ಟೊಳ್ಳು ಸದ್ದು ಬಂದರೆ ಅಲ್ಲಿ ಸಾರಣೆ ಆಗಲೇ ಕಲ್ಲು ಬಿಟ್ಟಿದೆ ಅಂತ ಲೆಕ್ಕ.

ಬಿರುಕು ಕೂದಲೆಳೆಯಷ್ಟೇ ಇದ್ದರೂ ಸಾಕು, ಗಾಳಿಮಳೆ ನೀರನ್ನು ಒಳಗೆ ನೂಕುತ್ತದೆ. ಒಳಗೆ ಹೋದ ನೀರು ಆ ಗಟ್ಟಿ ಸಾರಣೆ ದಾಟಿ ಹೊರಗೆ ಒಣಗಲು ದಾರಿ ಇಲ್ಲ. ಕಲ್ಲು ಕುಡಿದು ಕೂತಿರುತ್ತದೆ. ಆಮೇಲೆ ಮಲಗುವ ಕೋಣೆಯ ಗೋಡೆಯಲ್ಲಿ ಪೈಂಟ್ ಉಬ್ಬುತ್ತದೆ. ಮನೆಯವರು "ಸಿಮೆಂಟ್ ಕಮ್ಮಿ ಹಾಕಿದ್ದಾನೆ" ಅಂತ ಮೇಸ್ತ್ರಿಗೆ ಬಯ್ಯುತ್ತಾರೆ!

ಆದ್ದರಿಂದ ಸಾರಣೆ ಗೋಡೆಗಿಂತ ಗಟ್ಟಿ ಇರಬಾರದು. ಹೊರಗಿನ ಕೋಟ್ ಒಳಗಿನ ಕೋಟಿಗಿಂತ ಗಟ್ಟಿ ಇರಬಾರದು. ಸಿಮೆಂಟ್ ಸಾರಣೆಗೂ ಸಿಮೆಂಟ್-ಸುಣ್ಣದ ಸಾರಣೆಗೂ ನಮ್ಮಲ್ಲಿ ಐಎಸ್ 1661 ಅಂತ ಸಂಹಿತೆ ಇದೆ, ಇಂಜಿನಿಯರ್ ಹತ್ತಿರ ಕೇಳಿ ಒಮ್ಮೆ ಓದಿ.

ನಿಮ್ಮ ಗೋಡೆಗೆ ನಾನಾದರೆ 1:1:6 ಹಾಕಿಸುತ್ತೇನೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಹೊಯ್ಗೆ. ಸುಣ್ಣ ಆಗುವುದೇ ಇಲ್ಲ ಅಂದರೆ ಮೊದಲ ಕೋಟ್ 1:4, ಎರಡನೆಯದು 1:5. ಒಟ್ಟು ದಪ್ಪ 20 ಮಿ.ಮೀ. ಸುತ್ತ. ಮೊದಲ ಕೋಟ್ 12ರಿಂದ 14, ಎರಡನೆಯದು 6ರಿಂದ 8.

ಕಾಪುಗಾಳಿ

ಅಕ್ಕ, ತುಂಬಾ ಥ್ಯಾಂಕ್ಸ್. ತಟ್ಟಿ ನೋಡಿದೆ (ಅವರು ಊರಲ್ಲಿ ಇಲ್ಲ, ಹಾಗಾಗಿ ಧೈರ್ಯ ಬಂತು). ಕಿಟಕಿಯ ಕೆಳಗೆ ಬಲಗಡೆ ಪೂರ್ತಿ ಟೊಳ್ಳು.

ಸುಣ್ಣ ಅಂದರೆ ಯಾವ ಸುಣ್ಣ? ಗೋಡೆಗೆ ಬಳಿಯುವುದಾ? ಮೇಸ್ತ್ರಿಗೆ ಸುಣ್ಣ ಅಂದ ಕೂಡಲೇ ನಗು ಬಂತು. "ನಿಮ್ಮ ಅಜ್ಜನ ಕಾಲದ್ದಾ" ಅಂದರು.

ಕರಣೆ ಕೈ

ನಗು ಬರುವುದೇ ಮಾರಾಯ್ರೆ. ನಮ್ಮ ಹುಡುಗರಿಗೆ ಸುಣ್ಣದ ಕೆಲಸ ಗೊತ್ತಿಲ್ಲ. ಕೈ ಸುಡುತ್ತದೆ ಅಂತ ಮುಟ್ಟುವುದಿಲ್ಲ. ಕೆಲಸವೂ ನಿಧಾನ.

ಸಿವಿಲಕ್ಕ

ಸಿಮೆಂಟ್ ಕೂಡ ಕೈ ಸುಡುತ್ತದೆ, ಅಭ್ಯಾಸ ಆದದ್ದಷ್ಟೇ. ಎರಡಕ್ಕೂ ಗ್ಲೌಸ್ ಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವಾಗ ಕನ್ನಡಕವೂ ಬೇಕು. ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಷ್ಟ.

ಅಂಗಡಿಯಲ್ಲಿ ಚೀಲದಲ್ಲಿ ಬರುವ ಅರಳಿಸಿದ ಸುಣ್ಣದ ಪುಡಿ ಸಾಕು, ಕಟ್ಟಡಕ್ಕೆ ಅಂತಲೇ ಕೇಳಿ ತೆಗೆದುಕೊಳ್ಳಿ. ಸುಣ್ಣ ಸೇರಿದರೆ ಗಾರೆ ಬೆಣ್ಣೆಯಷ್ಟು ನುಣ್ಣಗೆ ಎಳೆಯಲು ಬರುತ್ತದೆ. ಮೇಸ್ತ್ರಿಗೆ 1:3ರಲ್ಲಿ ಸಿಗುವ ಆ ಹಿಡಿತ ಇದರಲ್ಲೂ ಸಿಗುತ್ತದೆ, ಸಿಮೆಂಟ್ ಸುರಿಯದೆ. ಮುಖ್ಯವಾಗಿ ಸುಣ್ಣ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪುಕಲ್ಲು ಹಸಿ ಗಾರೆಯ ನೀರನ್ನು ಎಳೆದುಕೊಂಡು ಬಿಡುತ್ತದೆ, ಮೇಲಿಂದ ಕಡಲ ಗಾಳಿ ಒಣಗಿಸುತ್ತದೆ. ನಡುವೆ ಸಿಕ್ಕ ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ.

ಕಲಸುವ ಕ್ರಮ ಹೀಗೆ. ಹಿಂದಿನ ದಿನವೇ ಹೊಯ್ಗೆ ಮತ್ತು ಸುಣ್ಣ ನೀರು ಹಾಕಿ ಕಲಸಿ, ಒದ್ದೆ ಗೋಣಿ ಮುಚ್ಚಿ ಇಡಿ. ಮರುದಿನ ಅದರಲ್ಲಿ ಬೇಕಾದಷ್ಟು ತೆಗೆದು ಆಗ ಸಿಮೆಂಟ್ ಸೇರಿಸಿ. ಸಿಮೆಂಟ್ ಬಿದ್ದ ಮೇಲೆ ಗಡಿಯಾರ ಶುರು. ಬಿಸಿಲಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಸಿ. ಊಟ ಮುಗಿಸಿ ಬಂದು ಗಟ್ಟಿಯಾದ ಮಾಲಿಗೆ ನೀರು ಚಿಮುಕಿಸಿ ಮತ್ತೆ ಕಲಸಲು ಮಾತ್ರ ಅವರನ್ನು ಬಿಡಬೇಡಿ. ಸೈಟಲ್ಲಿ ನಿಂತು ನೋಡಬೇಕಾದ್ದು ಅದೇ.

ಬಿಜೈ ಬಾಯ್

ಎಲ್ಲರೂ 1:3ಕ್ಕೆ ಬಯ್ತಾ ಇದ್ದೀರಿ. ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ, 1:3 ಸಾರಣೆ, ಕಟ್ಟಿ ಎಷ್ಟೋ ವರ್ಷ ಆಯ್ತು. ಒಂದು ಬಿರುಕು ಇಲ್ಲ. ಸುಮ್ನೆ ಹೆದರಿಸಬೇಡಿ.

ಸಿವಿಲಕ್ಕ

ಹೆದರಿಸುತ್ತಿಲ್ಲ. ನಿಮ್ಮ ಮನೆಗೆ ಹೆಂಚಿನ ಮಾಡು ಉಂಟಾ? ಗೋಡೆಯಿಂದ ಎಷ್ಟು ಹೊರಗೆ ಬಂದಿದೆ?

ಬಿಜೈ ಬಾಯ್

ಹೆಂಚಿನ ಮಾಡೇ. ಎರಡೂವರೆ ಅಡಿ ಹೊರಗೆ ಇರಬಹುದು. ಸುತ್ತ ಮರವೂ ಉಂಟು. ಅದಕ್ಕೂ ಇದಕ್ಕೂ ಏನು ಸಂಬಂಧ?

ಬಸ್ರೂರು ಹಳೆಮನೆ

ಸಂಬಂಧ ಅದೇ ಅಲ್ವಾ! ನಿಮ್ಮ ಗೋಡೆಗೆ ಮಳೆಯೂ ಬೀಳುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಆ ಗೋಡೆಗೆ ಏನು ಹಾಕಿದರೂ ನಿಲ್ಲುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಪಡುವಿನಿಂದ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಮಾಡು ಉದ್ದಕ್ಕೆ ಇಳಿಸಿದರು, ಜಗಲಿ ಸುತ್ತ ಕೊಟ್ಟರು. 1865ರಲ್ಲಿ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹೆಂಚು ಬಂತು, ಆದರೆ ಮಾಡಿನ ಇಳಿಜಾರು ಹೋಗಲಿಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಪಡು ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ನೆನೆಯುತ್ತದೆ, ಗೋಡೆ ನೆನೆಯುವುದಿಲ್ಲ. ದೀಪಾವಳಿ ಹೊತ್ತಿಗೆ ಅದನ್ನು ಬಿಚ್ಚಿ ಬಚ್ಚಲ ಒಲೆಗೆ ಹಾಕುವುದು.

ಈಗ ಪೆಟ್ಟಿಗೆ ಮನೆಗಳು. ಸನ್‌ಶೇಡ್ ಕೂಡ ಇಲ್ಲ, ನೋಡಲು ಚೆಂದ ಅಂತ. ಮಳೆ ನೇರ ಗೋಡೆಗೆ ಬಡಿಯುತ್ತದೆ. ಮಾಡು ಮಾಡಬೇಕಾದ ಕೆಲಸವನ್ನು 20 ಮಿ.ಮೀ. ಸಾರಣೆ ಮಾಡಬೇಕು ಅಂದರೆ ಹೇಗೆ? ಆಮೇಲೆ ಟೆರೇಸ್ ಮೇಲೆ ತಗಡಿನ ಶೀಟ್ ಹಾಕಿಸುವುದು. ಊರಿಡೀ ಅದೇ ಕಾಣುತ್ತದೆ.

ಕಾಪುಗಾಳಿ

ನಮ್ಮದೂ ಪೆಟ್ಟಿಗೆ ಮನೆಯೇ ಅಕ್ಕ 😅 ಈಗ ಎಂತ ಮಾಡುವುದು? ಸನ್‌ಶೇಡ್ ಕಿಟಕಿಗಳ ಮೇಲೆ ಮಾತ್ರ ಉಂಟು.

ಸಿವಿಲಕ್ಕ

ಇರುವುದರಲ್ಲೇ ಸುಧಾರಿಸಬಹುದು. ಸನ್‌ಶೇಡಿನ ಅಡಿಯಲ್ಲಿ, ತುದಿಯಿಂದ ಒಂದಿಂಚು ಒಳಗೆ, ಉದ್ದಕ್ಕೂ ಒಂದು ಗೆರೆ ಕೊರೆಸಿ. ಸಾರಣೆ ಹಸಿ ಇರುವಾಗಲೇ ಒಂದು ಪಟ್ಟಿ ಒತ್ತಿ ತೆಗೆದರೆ ಆಯಿತು. ನೀರು ಅಲ್ಲಿಗೆ ಬಂದು ಹನಿಯಾಗಿ ಕೆಳಗೆ ಬೀಳುತ್ತದೆ. ಗೆರೆ ಇಲ್ಲದಿದ್ದರೆ ಸನ್‌ಶೇಡಿನ ಅಡಿ ಹಿಡಿದುಕೊಂಡು ಗೋಡೆಗೆ ಹರಿಯುತ್ತದೆ, ಕಿಟಕಿಯ ಮೇಲೆ ಕಪ್ಪು ಪಾಚಿ ಗೆರೆ ಬರುವುದು ಹಾಗೆಯೇ. ಪ್ಯಾರಾಪೆಟ್ ತಲೆಯನ್ನು ಒಳಗೆ, ಟೆರೇಸ್ ಕಡೆಗೆ ಇಳಿಜಾರು ಮಾಡಿಸಿ. ಕಿಟಕಿಯ ಕೆಳಗಿನ ಕಲ್ಲು ಹೊರಗಡೆಗೆ ಇಳಿಜಾರು ಇರಲಿ, ಗೋಡೆಯಿಂದ ಸ್ವಲ್ಪ ಮುಂದೆ ಚಾಚಿರಲಿ.

ಖರ್ಚು ಏನೂ ಇಲ್ಲ ಇದಕ್ಕೆ. ಸಾರಣೆ ಮಾಡುವಾಗಲೇ ಹೇಳಿ ಮಾಡಿಸಬೇಕು ಅಷ್ಟೇ.

ಬೇ ಏರಿಯಾ ಕುಡ್ಲ

ಕುಡ್ಲದವ (ಮಂಗಳೂರು), ಈಗ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಸುಮಾರು ಮನೆಗಳಿಗೆ ಹೊರಗೆ ಸ್ಟಕ್ಕೋ. ನಮ್ಮ ಸಾರಣೆಯದ್ದೇ ಬಂಧು, ಆದರೆ ಹಿಂದೆ ಕಲ್ಲಿಲ್ಲ. ಮರದ ಚೌಕಟ್ಟು, ಅದರ ಮೇಲೆ ನೀರು ತಡೆಯುವ ಕಾಗದ ಎರಡು ಪದರ, ಅದರ ಮೇಲೆ ತಂತಿ ಬಲೆ, ಆಮೇಲೆ ಸಿಮೆಂಟ್. ಮೂರು ಕೋಟ್. ಮೊದಲನೆಯದನ್ನು ಹಸಿ ಇರುವಾಗ ಬಾಚಣಿಗೆ ತರದ ಸಲಕರಣೆಯಿಂದ ಅಡ್ಡಕ್ಕೆ ಗೀರುತ್ತಾರೆ. ಎರಡನೆಯದು ಸಮ ಮಾಡಲು. ಮೂರನೆಯದು ತೆಳು, ಬಣ್ಣ ಅದರಲ್ಲೇ ಸೇರಿರುತ್ತದೆ. ಒಟ್ಟು ಇಂಚಿನ ಎಂಟರಲ್ಲಿ ಏಳು ಭಾಗ, ಅಂದರೆ 22 ಮಿ.ಮೀ. ಎರಡನೇ ಕೋಟ್ ಆಗಿ 7 ದಿನ ಬಿಟ್ಟು ಮೂರನೆಯದು.

ನನಗೆ ಹಿಡಿಸಿದ್ದು ಒಂದೇ. ಇಲ್ಲಿಯವರು ಸಾರಣೆ ದಾಟಿ ನೀರು ಒಳಗೆ ಬಂದೇ ಬರುತ್ತದೆ ಅಂತ ಒಪ್ಪಿಕೊಂಡೇ ಕಟ್ಟುತ್ತಾರೆ. ಹಿಂದಿನ ಕಾಗದದ ಮೇಲೆ ಜಾರಿ, ಗೋಡೆಯ ಬುಡದಲ್ಲಿರುವ ತಗಡಿನ ಪಟ್ಟಿಯ ತೂತಿನಿಂದ ಹೊರಗೆ ಹೋಗಲು ದಾರಿ ಇಟ್ಟಿರುತ್ತಾರೆ. ಊರಲ್ಲಿ ನಾವು ನೀರು ಬರುವುದೇ ಬೇಡ ಅಂತ ಹಟ ಹಿಡಿಯುತ್ತೇವೆ.

ಅಂದಹಾಗೆ ಇಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಕುಡ್ಲದಲ್ಲಿ ಜುಲೈ ಒಂದೇ ತಿಂಗಳು ಜಾಸ್ತಿ. ಇಲ್ಲಿಯ ವಿಡಿಯೋ ನೋಡಿ ಅಲ್ಲಿ ಮಾಡಲು ಹೋಗಬೇಡಿ.

ಕರಣೆ ಕೈ

ಆ ಗೀರುವುದು ನಮ್ಮಲ್ಲೂ ಉಂಟು. ಮೊದಲ ಕೋಟನ್ನು ನುಣ್ಣಗೆ ಮಾಡಿದರೆ ಎರಡನೆಯದು ಹಿಡಿಯುವುದಿಲ್ಲ. ನಾನು ಕರಣೆಯ ತುದಿಯಲ್ಲೇ ಅಲೆ ಅಲೆಯಾಗಿ ಎಳೆಯುತ್ತೇನೆ.

ಕಾಪುಗಾಳಿಯವರೇ, ಹೊಯ್ಗೆ ಎಲ್ಲಿಂದ ತರಿಸ್ತೀರಿ? ಇಷ್ಟು ಹೊತ್ತು ಯಾರೂ ಅದನ್ನು ಕೇಳಿಲ್ಲ.

ಕಾಪುಗಾಳಿ

ಹೊಳೆ ಹೊಯ್ಗೆ ಅಂತ ಹೇಳಿದ್ದಾರೆ. ಯಾವ ಹೊಳೆ ಅಂತ ಕೇಳಿಲ್ಲ. ಲೋಡ್ ಇನ್ನೂ ಬಂದಿಲ್ಲ.

ಕರಣೆ ಕೈ

ಕೇಳಿ. ಅಳಿವೆಬಾಗಿಲ ಹತ್ತಿರ ತೆಗೆದದ್ದಾದರೆ ಅದರಲ್ಲಿ ಉಪ್ಪು ಇರುತ್ತದೆ. ಬೇಸಗೆಯಲ್ಲಿ ಹೊಳೆಯ ನೀರು ಇಳಿದಾಗ ಕಡಲ ನೀರು ಮೇಲಕ್ಕೆ ಏರುತ್ತದೆ ಅಲ್ವಾ, ಆಗ ಮೇಲಿನ ಹೊಯ್ಗೆಯೂ ಉಪ್ಪೇ.

ಉಪ್ಪಿನ ಹೊಯ್ಗೆಯಲ್ಲಿ ಸಾರಣೆ ಮಾಡಿದರೆ ಗೋಡೆ ಯಾವಾಗಲೂ ಒದ್ದೆ ಒದ್ದೆ. ಉಪ್ಪು ಗಾಳಿಯ ತೇವ ಎಳೆಯುತ್ತದೆ. ಬೇಸಗೆಯಲ್ಲಿ ಬಿಳಿ ಹೂ ಏಳುತ್ತದೆ, ಪೈಂಟ್ ನಿಲ್ಲುವುದಿಲ್ಲ. ಒಳಗೆ ಕಬ್ಬಿಣ ಇದ್ದರೆ ಅದಕ್ಕೂ ತುಕ್ಕು. ನಾನು ಒಂದು ಮುಷ್ಟಿ ಹೊಯ್ಗೆಯನ್ನು ಲೋಟದ ಕುಡಿಯುವ ನೀರಿಗೆ ಹಾಕಿ ಕಲಕಿ, ತಿಳಿಯಾದ ಮೇಲೆ ಒಂದು ಹನಿ ನಾಲಿಗೆಗೆ ಇಟ್ಟು ನೋಡುವುದು. ಸ್ವಲ್ಪ ಉಪ್ಪು ಅನ್ನಿಸಿದರೂ ಲೋಡ್ ಬೇಡ.

ಬಾವಿ ನೀರನ್ನೂ ನೋಡಿ. ಕಡಲ ಹತ್ತಿರ ಅಂತೀರಿ. ಏಪ್ರಿಲ್‌ನಲ್ಲಿ ಬಾವಿ ಸಪ್ಪೆಯೋ ಉಪ್ಪೋ?

ಕಾಪುಗಾಳಿ

ಬಾವಿ ಸಿಹಿನೀರೇ, ಅದೊಂದು ಪುಣ್ಯ. ಏಪ್ರಿಲ್ ಕೊನೆಗೆ ಸ್ವಲ್ಪ ಬದಲಾಗುತ್ತದೆ ಅಂತ ಅಮ್ಮ ಹೇಳ್ತಾರೆ. ಹೊಳೆ ಹೊಯ್ಗೆ ಸಿಗದಿದ್ದರೆ ಎಂ-ಸ್ಯಾಂಡ್ (ಮಿಷನ್ನಿನಲ್ಲಿ ಕಲ್ಲು ಪುಡಿ ಮಾಡಿದ ಹೊಯ್ಗೆ) ಆಗುತ್ತದಾ?

ಸಿವಿಲಕ್ಕ

ಎಂ-ಸ್ಯಾಂಡ್ ಕಾಂಕ್ರೀಟಿಗೆ. ಸಾರಣೆಗೆ ಪಿ-ಸ್ಯಾಂಡ್ ಅಂತ ಬೇರೆಯೇ ಬರುತ್ತದೆ, ಇನ್ನೂ ಸಣ್ಣ, ತೊಳೆದದ್ದು. ಅದರಲ್ಲಿ ಉಪ್ಪಿನ ತಲೆನೋವಿಲ್ಲ. ಆದರೆ ಕ್ರಷರ್ ಪುಡಿಯನ್ನೇ ಪಿ-ಸ್ಯಾಂಡ್ ಅಂತ ಕೊಡುವವರಿದ್ದಾರೆ. ಅದು ದೂಳು. ದೂಳು ಜಾಸ್ತಿ ಇದ್ದರೆ ನೀರು ಜಾಸ್ತಿ ಕುಡಿಯುತ್ತದೆ, ಆಮೇಲೆ ಅದೇ ಕಥೆ, ಕುಗ್ಗಿ ಬಿರುಕು.

ಗಾಜಿನ ಬಾಟಲಿ ಪರೀಕ್ಷೆ ಮಾಡಿ. ಅರ್ಧ ಬಾಟಲಿ ಹೊಯ್ಗೆ, ಮೇಲೆ ನೀರು, ಒಂದು ಚಮಚ ಉಪ್ಪು. ಚೆನ್ನಾಗಿ ಅಲುಗಾಡಿಸಿ ಮೂರು ಗಂಟೆ ಅಲ್ಲಾಡಿಸದೆ ಇಡಿ. ಹೊಯ್ಗೆ ಕೆಳಗೆ, ಅದರ ಮೇಲೆ ಕೆಸರಿನ ತೆಳು ಪದರ ಕೂರುತ್ತದೆ. ಹೊಯ್ಗೆ 10 ಸೆಂ.ಮೀ. ಇದ್ದರೆ ಕೆಸರು 8 ಮಿ.ಮೀ. ದಾಟಬಾರದು. ದಾಟಿದರೆ ತೊಳೆಯಿರಿ, ಇಲ್ಲ ವಾಪಸ್ ಕಳಿಸಿ. (ಆ ಉಪ್ಪು ಕೆಸರು ಬೇಗ ಕೂರಲು. ಈ ಬಾಟಲಿಯ ನೀರನ್ನು ನಾಲಿಗೆಗೆ ಇಡಬೇಡಿ ಮತ್ತೆ!)

ಇನ್ನೊಂದು ವಿಷಯ, ಇದನ್ನು ಸೈಟಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒದ್ದೆ ಹೊಯ್ಗೆ ಉಬ್ಬುತ್ತದೆ. ಕಾಳಿನ ಸುತ್ತ ನೀರಿನ ತೆಳು ಪೊರೆ ನಿಂತು ಕಾಳುಗಳನ್ನು ದೂರ ತಳ್ಳುತ್ತದೆ. ಒಂದು ಬಕೆಟಿಗೆ ಒದ್ದೆ ಹೊಯ್ಗೆಯನ್ನು 20 ಸೆಂ.ಮೀ. ಎತ್ತರಕ್ಕೆ ತುಂಬಿಸಿ. ಆಮೇಲೆ ಮುಳುಗುವಷ್ಟು ನೀರು ಹಾಕಿ ಕೋಲಿನಿಂದ ಕಲಕಿ. ಹೊಯ್ಗೆ 16 ಸೆಂ.ಮೀ.ಗೆ ಇಳಿದರೆ ಶೇ. 25 ಉಬ್ಬಿತ್ತು ಅಂತ. ಅಂದರೆ ನೀವು ಐದು ಬುಟ್ಟಿ ಅಂತ ಹಾಕಿದ್ದು ನಿಜಕ್ಕೂ ನಾಲ್ಕೇ. 1:5 ಅಂದುಕೊಂಡು 1:4 ಕಲಸಿರುತ್ತೀರಿ. ನಿಮ್ಮ ನೆರೆಮನೆಯ "1:4" ಹೀಗೇ 1:3 ಆಗಿರಬಹುದು.

ಬಿಜೈ ಬಾಯ್

ಇದು ಹೊಸತು ನನಗೆ. ಹಾಗಾದರೆ ಮಳೆಗಾಲದ ಸಾರಣೆ ಎಲ್ಲ ತಂತಾನೇ ಗಟ್ಟಿ!

ಸಿವಿಲಕ್ಕ

ಗಟ್ಟಿ, ಮತ್ತೆ ಬಿರುಕು 🙂 ಬುಟ್ಟಿ ಲೆಕ್ಕವೂ ಬಿಡಿ. ಒಬ್ಬ ಬುಟ್ಟಿ ಗೋಪುರ ಮಾಡಿ ತುಂಬುತ್ತಾನೆ, ಇನ್ನೊಬ್ಬ ಸಪಾಟು. 50 ಕೆ.ಜಿ. ಸಿಮೆಂಟ್ ಚೀಲ ಅಂದರೆ ಸುಮಾರು 35 ಲೀಟರ್. 35 ಸೆಂ.ಮೀ. ಉದ್ದ, 25 ಅಗಲ, 40 ಎತ್ತರದ ಒಂದು ಮರದ ಪೆಟ್ಟಿಗೆ ಮಾಡಿಸಿ. ಒಂದು ಚೀಲಕ್ಕೆ ಇಷ್ಟು ಪೆಟ್ಟಿಗೆ, ಮಟ್ಟ ಎಳೆದು. ಜಗಳವೇ ಇಲ್ಲ.

ಬಸ್ರೂರು ಹಳೆಮನೆ

ನಡುವೆ ನನ್ನದೊಂದು ಪ್ರಶ್ನೆ. ನಮ್ಮದು ಹಳೆಯ ಮನೆ, ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲು, ಸುಣ್ಣದ ಸಾರಣೆ. ಬುಡದಲ್ಲಿ ಉದುರುತ್ತಿದೆ. ಬಂದವರೆಲ್ಲ ಸಿಮೆಂಟ್ ಹಾಕುವ ಅಂತಾರೆ. ನನಗೆ ಮನಸ್ಸಿಲ್ಲ.

ಸಿವಿಲಕ್ಕ

ಹಾಕಬೇಡಿ. ಮಣ್ಣಿನ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ, ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಬುಡಕ್ಕೆ ಸಿಮೆಂಟ್ ಮುಚ್ಚಿದರೆ ತೇವ ಅದರ ಮೇಲೆ ಏರಿ ಇನ್ನೂ ಎತ್ತರದಲ್ಲಿ ಉದುರಿಸುತ್ತದೆ.

ಸುಣ್ಣ ಒಂದು, ಹೊಯ್ಗೆ ಮೂರು. ಬುಡದ ಭಾಗಕ್ಕೆ ಒಂದು ಪಾಲು ಹೊಯ್ಗೆ ಕಡಿಮೆ ಮಾಡಿ ಅಲ್ಲಿ ಸುರ್ಕಿ ಹಾಕಿ. ಒಡೆದ ಹೆಂಚನ್ನು ಕುಟ್ಟಿ ಜರಡಿ ಹಿಡಿದರೆ ಸುರ್ಕಿ ಮನೆಯಲ್ಲೇ ಸಿಗುತ್ತದೆ. ಜಾಸ್ತಿ ಬೆಂದು ಕಪ್ಪಾದ ಹೆಂಚು ಬೇಡ, ಅದರ ಪುಡಿ ಸುಣ್ಣದ ಜೊತೆ ಕೂಡುವುದಿಲ್ಲ. ಬರೀ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮೆಲ್ಲಗೆ ಕಲ್ಲಾಗುತ್ತದೆ, ತೇವದ ಜಾಗದಲ್ಲಿ ಅದು ಇನ್ನೂ ನಿಧಾನ. ಸುರ್ಕಿ ಇದ್ದರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಒಂದೊಂದು ಕೋಟ್ 10 ಮಿ.ಮೀ. ಮೀರದಿರಲಿ, ಅವಸರ ಬೇಡ.

ಬಸ್ರೂರು ಹಳೆಮನೆ

ಮನೆಯ ಹಿಂದೆ ಒಡೆದ ಹೆಂಚಿನ ರಾಶಿಯೇ ಉಂಟು. ಮೊದಲು ನಮ್ಮಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಬೆಲ್ಲದ ನೀರು ಹಾಕಿ ಕಲಸುತ್ತಿದ್ದರು. ಈಗ ಚಿಪ್ಪಿನ ಸುಣ್ಣ ಸಿಕ್ಕಿದರೆ ಅದನ್ನೇ ಹಾಕಿಸುತ್ತೇನೆ.

ಬಿಜೈ ಬಾಯ್

ಸುಣ್ಣದ ಗಾರೆ ಬಾಳುವುದು ನೋಡಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. 1899ರ ಹೊತ್ತಿಗೆ ಇಟಲಿಯ ಚಿತ್ರಕಾರ ಮೊಸ್ಕೇನಿ ಶುರು ಮಾಡಿದ ಚಿತ್ರಗಳಲ್ಲಿ ಒಂದು ಭಾಗ ಹಸಿ ಗಾರೆಯ ಮೇಲೇ ಬರೆದದ್ದು.

ಕರಣೆ ಕೈ

ಅದು ಒಳಗೋಡೆ ಬಾಯ್. ಕಾಪುವಿನ ಪಡು ಗೋಡೆಗೆ ಬರೆಯಲು ಹೇಳಿ ನೋಡುವ.

ಕಾಪುಗಾಳಿ

😄 ಸರಿ, ವಾಟರ್‌ಪ್ರೂಫಿಂಗ್ ದ್ರಾವಣ ಹಾಕಬೇಕಾ ಬೇಡ್ವಾ? ಮತ್ತೆ ಕಾಂಕ್ರೀಟ್ ಕಂಬ ಮತ್ತು ಕಲ್ಲು ಸೇರುವಲ್ಲಿ ಬಲೆ ಹಾಕಬೇಕಾ?

ಸಿವಿಲಕ್ಕ

ದ್ರಾವಣ ಹಾಕಿದರೆ ತೊಂದರೆ ಇಲ್ಲ, ಆದರೆ ಬಿರುಕನ್ನು ಅದು ಮುಚ್ಚುವುದಿಲ್ಲ. ಡಬ್ಬದ ಮೇಲೆ ಬರೆದಷ್ಟೇ ಹಾಕಿ. ಹಲವು ದ್ರಾವಣಗಳಿಗೆ ಚೀಲಕ್ಕೆ 200 ಮಿ.ಲೀ. ಇರುತ್ತದೆ. ಕಣ್ಣಂದಾಜಲ್ಲಿ ಸುರಿಯಲು ಬಿಡಬೇಡಿ. ಸುಣ್ಣ ಸೇರಿಸಿದ ಗಾರೆಗೆ ನಾನು ಹಾಕಿಸುವುದಿಲ್ಲ.

ಬಲೆ ಬೇಕೇ ಬೇಕು. ಕಾಂಕ್ರೀಟೂ ಕಲ್ಲೂ ಬಿಸಿಲಿಗೆ ಬೇರೆ ಬೇರೆ ರೀತಿ ಹಿಗ್ಗುತ್ತವೆ, ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಸಂಧಿಯ ಎರಡೂ ಕಡೆ ಆರಾರು ಇಂಚು ಹೋಗುವ ಹಾಗೆ ಹಾಕಿ. ಕಡಲ ಹತ್ತಿರ ಸಾದಾ ಕೋಳಿ ಬಲೆ ತುಕ್ಕು ಹಿಡಿಯುತ್ತದೆ, ಸಾರಣೆಗೆ ಅಂತ ಬರುವ ಫೈಬರ್‌ಗ್ಲಾಸ್ ಬಲೆ ಒಳ್ಳೆಯದು.

ಕರಣೆ ಕೈ

ಕಾಂಕ್ರೀಟ್ ನುಣ್ಣಗಿದ್ದರೆ ಉಳಿಯಿಂದ ಕಚ್ಚು ಹಾಕಿ, ದಪ್ಪ ಹೊಯ್ಗೆಯ ತೆಳು ಸಿಮೆಂಟ್ ಎರಚಬೇಕು. ಒರಟು ಒರಟಾಗಿ ಒಣಗಲಿ, ಆಮೇಲೆ ಸಾರಣೆ. ಕಲ್ಲಿನ ಸಂಧಿಯನ್ನು ಅರ್ಧ ಇಂಚು ಕೆರೆದು, ಬ್ರಷ್ಷಿನಿಂದ ಗುಡಿಸಿ. ಕೆಂಪುಕಲ್ಲಿನ ಪುಡಿಯ ಮೇಲೆ ಸಾರಣೆ ಹಾಕಿದರೆ ಅದು ಪುಡಿಗೇ ಅಂಟಿರುತ್ತದೆ, ಕಲ್ಲಿಗಲ್ಲ.

ಗೋಡೆಗೆ ಹಿಂದಿನ ಸಂಜೆ ನೀರು, ಬೆಳಿಗ್ಗೆ ಮತ್ತೆ ಸ್ವಲ್ಪ. ನೀರು ಇಳಿಯುತ್ತಿರುವ ಗೋಡೆಗೆ ಹೊಡೆಯಬಾರದು. ಕೈ ಇಟ್ಟರೆ ತಂಪು, ಆದರೆ ಕೈ ಒದ್ದೆ ಆಗಬಾರದು. ಪಡು ಗೋಡೆ ಬೆಳಿಗ್ಗೆ, ಮೂಡು ಗೋಡೆ ಮಧ್ಯಾಹ್ನದ ಮೇಲೆ. ನೆರಳು ಹಿಡಿದುಕೊಂಡು ಕೆಲಸ.

ಸಿವಿಲಕ್ಕ

ನೀರು ಹಾಕುವುದು ಸಾದಾ ಸಿಮೆಂಟಿಗೆ 7 ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಸೇರಿದ ಪಿಪಿಸಿ, ಅದು ನಿಧಾನ, 10 ದಿನವಾದರೂ ಹಾಕಿ. ಬೆಳಿಗ್ಗೆ ಒಮ್ಮೆ ಪೈಪ್ ಹಿಡಿದು ಹೋದರೆ ಆಗಲಿಲ್ಲ. ಗೋಣಿ ಇಳಿಬಿಟ್ಟು ಒದ್ದೆ ಇಡಿ.

ಮತ್ತೆ ಪತ್ತನಾಜೆಯ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಒಳಗೆ ಮುಗಿಸಬೇಕು ಅಂತ ಮೇ ತಿಂಗಳ ಬಿಸಿಲಲ್ಲಿ ಓಡಿಸಬೇಡಿ. ಮಳೆ ಬಿಟ್ಟ ಮೇಲೆ, ನವೆಂಬರ್ ಡಿಸೆಂಬರ್ ಹೊರ ಸಾರಣೆಗೆ ಒಳ್ಳೆಯ ಕಾಲ. ಗೋಡೆಯೂ ಒಣಗಿರುತ್ತದೆ, ಪೈಂಟಿಗೆ ಮುಂಚೆ 28 ದಿನ ಬಿಡಲು ಪುರುಸೊತ್ತೂ ಇರುತ್ತದೆ.

ಕಾಪುಗಾಳಿ

ಮೇಸ್ತ್ರಿಯ ಹತ್ತಿರ ಮಾತಾಡಿದೆ. ವಾದ ಮಾಡುವ ಬದಲು ಪಂಪ್ ಶೆಡ್ಡಿನ ಪಡು ಗೋಡೆಯಲ್ಲಿ ಎರಡು ತುಂಡು ಹಾಕಿ ನೋಡುವ ಅಂದೆ, ಒಪ್ಪಿದರು. ಒಂದು 1:3, ಒಂದು 1:1:6. ಒಂದೇ ದಿನ, ಒಂದೇ ಹೊಯ್ಗೆ. ಸುಣ್ಣ ಊರಲ್ಲೇ ಸಿಕ್ಕ ಚಿಪ್ಪಿನದ್ದು, ಇಲ್ಲೇ ಅರಳಿಸಿದ್ದು. ಫಲಿತಾಂಶ ಬರೆಯುತ್ತೇನೆ.

ಕಾಪುಗಾಳಿ

ಬರೆಯುತ್ತೇನೆ ಅಂದಿದ್ದೆ. 1:3 ತುಂಡಿನಲ್ಲಿ ಮೇಲಿನ ಮೂಲೆಯಿಂದ ಸಣ್ಣ ಬಿರುಕುಗಳು ಎದ್ದಿವೆ. ನೀರು ಎರಚಿದರೆ ಗೋಡೆ ಬೇಗ ಒಣಗಿ, ಬಿರುಕಿನ ಗೆರೆ ಮಾತ್ರ ಕಪ್ಪಾಗಿ ಉಳಿಯುತ್ತದೆ. ಬಿರುಕು ಸ್ಪಷ್ಟವಾಗಿ ಕಾಣುತ್ತದೆ ಆಗ. 1:1:6ರಲ್ಲಿ ಬಿರುಕಿಲ್ಲ. ಮೇಸ್ತ್ರಿಗೂ ಎಳೆಯಲು ಹಿತ ಅನ್ನಿಸಿತಂತೆ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಆದರೆ ಸುಣ್ಣದ ತುಂಡಿನಲ್ಲಿ ಅಲ್ಲಲ್ಲಿ ಕಡಲೆಕಾಳಿನಷ್ಟು ಗುಳಿ ಬಿದ್ದಿದೆ. ಗುಳಿಯ ತಳದಲ್ಲಿ ಬಿಳಿ ಚುಕ್ಕೆ. ಇದೇನು?

ಸಿವಿಲಕ್ಕ

ಪೂರ್ತಿ ಅರಳದ ಸುಣ್ಣದ ಕಾಳು. ಗೋಡೆಗೆ ಹೋದ ಮೇಲೆ ನೀರು ಕುಡಿದು ಉಬ್ಬಿ ಮೇಲಿನದನ್ನು ಹಾರಿಸಿದೆ. ಅರಳಿಸಿ ಕೂಡಲೇ ಹಾಕಿದ್ದೀರಿ. ನೀರಿನಲ್ಲಿ ಮುಳುಗಿಸಿ ಎರಡು ವಾರ ಇಡಿ, ಸಣ್ಣ ಜರಡಿಯಲ್ಲಿ ಸೋಸಿ, ಆಮೇಲೆ ಕಲಸಿ. ಅಷ್ಟು ಕಾಯಲು ಆಗದಿದ್ದರೆ ಚೀಲದ ಪುಡಿಯೇ ತನ್ನಿ.

ಕಾಪುಗಾಳಿ

ಚೀಲದ್ದೇ ತರುತ್ತೇನೆ. ಒಟ್ಟು ಎಷ್ಟು ಸಾಮಾನು ಬೇಕು ಅಂತ ಒಂದು ಅಂದಾಜು ಹೇಳ್ತೀರಾ?

ಸಿವಿಲಕ್ಕ

20 ಮಿ.ಮೀ. ದಪ್ಪಕ್ಕೆ, 1:5 ಆದರೆ 100 ಚದರ ಅಡಿಗೆ ಸುಮಾರು ಒಂದೂವರೆ ಚೀಲ ಸಿಮೆಂಟ್, 9 ಘನ ಅಡಿ ಹೊಯ್ಗೆ. 1:1:6ರಲ್ಲಿ ಹೊಯ್ಗೆ ಹೆಚ್ಚುಕಮ್ಮಿ ಅಷ್ಟೇ, ಸಿಮೆಂಟ್ ಒಂದೂಕಾಲು ಚೀಲ, ಅಷ್ಟೇ ಪೆಟ್ಟಿಗೆ ಸುಣ್ಣ. ಕೆಂಪುಕಲ್ಲು ಸಪಾಟಿಲ್ಲದಿದ್ದರೆ ಇನ್ನೂ ಜಾಸ್ತಿ ಹೋಗುತ್ತದೆ. ನಿಮ್ಮ ಕಲ್ಲು ಮಿಷನ್ನಿನಲ್ಲಿ ಕಡಿದದ್ದಾ, ಕೈಯಲ್ಲಿ ಕೆತ್ತಿದ್ದಾ?

ಕಾಪುಗಾಳಿ

ಮಿಷನ್ ಕಲ್ಲು. ನಾಳೆ ಹೊಯ್ಗೆ ಲೋಡ್ ಬರುತ್ತದೆ.

ಕರಣೆ ಕೈ

ಲಾರಿ ಇಳಿಸುವ ಮುಂಚೆ ಲೋಟ ಹಿಡಿದು ಹೋಗಿ. ಮೇಲಿನಿಂದ ಬೇಡ, ನಡುವಿನಿಂದ ಕೈ ಹಾಕಿ ತೆಗೆಯಿರಿ.